ನಿಂತಲ್ಲಿಂದ ಮುಂದಕ್ಕೆ

ಅವಧಾನವನ್ನು ಒಮ್ಮೆಯಾದರೂ ಕಂಡವರಿಗೆ ಧಾರಣವೆಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟಾವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು ಕುಳಿತಿರುತ್ತಾರೆ. ಒಬ್ಬರು ಪದ್ಯದ ಒಂದೊಂದು ಅಕ್ಷರ ಹೊರಟಂತೆಯೂ ಮುಂದಿನ ಅಕ್ಷರವನ್ನು ನಿಷೇಧಿಸುತ್ತಾರೆ. ಇನ್ನೊಬ್ಬರು ಅಸಂಬದ್ಧವಾಗಿ ತೋರುವ ಕೊನೆಯ ಸಾಲೊಂದನ್ನು ಕೊಟ್ಟು, ಮೇಲಿನ ಮೂರು ಸಾಲುಗಳ ಬಲದಿಂದ ಅದಕ್ಕೆ ಅರ್ಥ ಬರುವಂತೆ ಮಾಡಿರೆನ್ನುತ್ತಾರೆ. ಮತ್ತೊಬ್ಬರು ನಾಲ್ಕು ಪದಗಳನ್ನು ಮುಂದಿಟ್ಟು, ಸಾಲಿಗೊಂದರಂತೆ ಅವು ಪದ್ಯದಲ್ಲಿ ಬರಬೇಕೆಂದು ಹಟ ಹಿಡಿಯುತ್ತಾರೆ. ಒಂದು ಸುತ್ತಿನಲ್ಲಿ ಇವರಿಗೆಲ್ಲ ಒಂದೊಂದೇ ಸಾಲು ಸಲ್ಲುತ್ತದೆ. ಮೊದಲನೆಯವರ ಪದ್ಯ ಕಾಲುಭಾಗ ಆಗಿರುವಾಗಲೇ ಎರಡನೆಯವರತ್ತ ತಿರುಗಬೇಕು. ಅದನ್ನೂ ಕಾಲುಭಾಗಕ್ಕೇ ಬಿಟ್ಟು ಮೂರನೆಯವರತ್ತ ಹೊರಳಬೇಕು. ನಡುನಡುವೆ ಸಂಖ್ಯಾಬಂಧದವರು ಇಪ್ಪತ್ತೈದು ಮನೆಗಳ ಚೌಕದಲ್ಲಿ ಇಂಥ ಮನೆಗೆ ಯಾವ ಅಂಕಿಯೆಂದು ಕೇಳುತ್ತಾರೆ. ಅಪ್ರಸ್ತುತಪ್ರಸಂಗದವರಿಗಂತೂ ಹೊತ್ತುಗೊತ್ತೆಂಬುದೇ ಇಲ್ಲ. ಇಷ್ಟೆಲ್ಲ ಕಾಟದ ಕೊನೆಯಲ್ಲಿ ಅವಧಾನಿ ಅರ್ಧಕ್ಕೆ ನಿಲ್ಲಿಸಿದ್ದ ಪ್ರತಿಯೊಂದು ಪದ್ಯವನ್ನೂ ಮುಗಿಸಿ, ಎಲ್ಲವನ್ನೂ ಮೊದಲಿನಿಂದ ಒಪ್ಪಿಸುತ್ತಾನೆ. ಅದೇ ಧಾರಣ.

ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟ ಬೆಳ್ಳಾವೆ ನರಹರಿಶಾಸ್ತ್ರಿಗಳು ಕಳೆದ ಶತಮಾನದಲ್ಲಿ ಕನ್ನಡದಲ್ಲಿ ಅವಧಾನ ಮಾಡಿದ್ದವರು. ನಮ್ಮ ಕಾಲದಲ್ಲಿ ಇದಕ್ಕೆ ಮರುಹುಟ್ಟು ಕೊಟ್ಟ ಶತಾವಧಾನಿ ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು. ನೂರು ಮಂದಿ ಪೃಚ್ಛಕರ ಅಂಥ ಸಭೆ ಒಂದು ದಿನದಲ್ಲಿ ಮುಗಿಯುವಂಥದಲ್ಲ. ಕವಿ ಅರೆಬರೆ ಪದ್ಯಗಳನ್ನು ತಲೆಯಲ್ಲಿಟ್ಟುಕೊಂಡೇ ಮನೆಗೆ ಹೋಗಬೇಕು, ಉಣ್ಣಬೇಕು, ನಿದ್ದೆ ಮಾಡಬೇಕು, ಮರುದಿನ ಬಂದು ನಿಂತ ಅಕ್ಷರದಿಂದಲೇ ಮುಂದುವರಿಯಬೇಕು. ಗಣೇಶರು ಯಂತ್ರಶಿಲ್ಪದ ಪದವೀಧರರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ಓದಿದವರು ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತಪ್ರಸಂಗವಾಗಲಾರದು. ಏಕೆಂದರೆ ನಾನು ಇಂದು ಹೇಳಹೊರಟಿರುವುದು ಯಂತ್ರದ ಧಾರಣವನ್ನು ಕುರಿತು.

ಬಸವನಗುಡಿಯ ಬೀದಿಗಳಲ್ಲಿ ಈಗ ತಂತ್ರಾಂಶದ ಉದ್ಯೋಗದಲ್ಲಿ ಒಬ್ಬರೂ ಇಲ್ಲದ ಮನೆಯನ್ನು ಹುಡುಕಬೇಕು. ಮಗಳೋ ಅಳಿಯನೋ ಮೊಮ್ಮಗನೋ ಊಟದ ನಡುವೆ ದೂರವಾಣಿಗೆ ಕಿವಿಗೊಟ್ಟು, "ಓಡ್ತಿರೋ ಕಂಟೇನರನ್ನು ಚೆಕ್‌ಪಾಯಿಂಟ್ ಮಾಡಿ, ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ" ಎಂದು ಹೇಳಿ ಮತ್ತೆ ಸಾರಿನತ್ತ ತಿರುಗುತ್ತಾರೆ. ಹಿರಿಯರಿಗೆ ಈ ವಾಕ್ಯದಲ್ಲಿ ಗೊತ್ತಿರುವ ಪದಗಳೆಲ್ಲ ತಪ್ಪು ಚಿತ್ರಗಳನ್ನೇ ತರುತ್ತವೆ. ಕಂಟೇನರ್ ಎಂದರೆ ವೈಟ್‌ಫೀಲ್ಡಿನ ಡಿಪೊದಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಕಬ್ಬಿಣದ ಪೆಟ್ಟಿಗೆ. ಚೆಕ್‌ಪಾಯಿಂಟ್ ಎಂದರೆ ಅತ್ತಿಬೆಲೆಯ ಗಡಿಯಲ್ಲಿ ಲಾರಿಗಳನ್ನು ತಡೆಯುವ ಅಡ್ಡಗಂಬ. ಓಡುತ್ತಿರುವ ಪೆಟ್ಟಿಗೆಯನ್ನು ಅಡ್ಡಗಂಬದಲ್ಲಿ ನಿಲ್ಲಿಸಿದರು ಎಂದು ತಿಳಿದರೆ ಅದು ಕೇಳಿದವರ ತಪ್ಪಲ್ಲ.

ಕಬ್ಬಿಣದ ಪೆಟ್ಟಿಗೆಯ ಹೋಲಿಕೆ ಆ ಉದ್ಯೋಗದವರು ತಾವೇ ಆರಿಸಿಕೊಂಡದ್ದು. 1956ರಲ್ಲಿ ಮಾಲ್ಕಂ ಮೆಕ್‌ಲೀನ್ ಎಂಬ ಅಮೆರಿಕದ ಲಾರಿ ಮಾಲೀಕ 58 ಪೆಟ್ಟಿಗೆಗಳನ್ನು ಹಡಗಿಗೇರಿಸಿ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದ. ಒಳಗೆ ಏನೇ ಇರಲಿ, ಹೊರಗಿನ ಆಕಾರ ಒಂದೇ ಎಂಬುದು ಅದರ ಗುಟ್ಟು. ತಂತ್ರಾಂಶದವರು ಮೆಚ್ಚಿದ್ದೂ ಅದನ್ನೇ. ಆದರೆ ಒಳಗಿನ ಬಾಳು ಹೇಗಿರುತ್ತದೆಂಬುದನ್ನು ತಿಳಿಯಲು ಪೆಟ್ಟಿಗೆಗಿಂತ ನಮ್ಮ ವಠಾರವೇ ಒಳ್ಳೆಯ ನಿದರ್ಶನವೆಂದು ನನ್ನ ಎಣಿಕೆ. 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಈ ಬಡಾವಣೆಯಲ್ಲಿಯೂ ಪಕ್ಕದ ಚಾಮರಾಜಪೇಟೆಯಲ್ಲಿಯೂ ವಠಾರದ ಬಾಳನ್ನು ಕಂಡವರು ಇನ್ನೂ ಇದ್ದಾರೆ. ಒಂದೇ ಹೆಬ್ಬಾಗಿಲು, ಒಂದೇ ಬಾವಿ, ಸಾಲಾಗಿ ಆರೋ ಎಂಟೋ ಬಿಡಾರಗಳು. ಪ್ರತಿಯೊಂದು ಬಿಡಾರಕ್ಕೂ ತನ್ನದೇ ಒಲೆ, ತನ್ನದೇ ಲೆಕ್ಕಪುಸ್ತಕ, ತನ್ನದೇ ಯಜಮಾನ. ಗಣಕಯಂತ್ರದಲ್ಲಿ ಬಾವಿಯ ಸ್ಥಾನದಲ್ಲಿರುವುದು ಕರ್ನೆಲ್, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಕಂಟೇನರುಗಳೆಲ್ಲ ಅದನ್ನು ಹಂಚಿಕೊಂಡು, ಉಳಿದುದರಲ್ಲಿ ತಾವೊಬ್ಬರೇ ಇದ್ದೇವೆಂದು ನಂಬಿಕೊಂಡಿರುತ್ತವೆ. ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ಯಂತ್ರ ಒಂದು ಸಂಖ್ಯೆ ಕೊಡುತ್ತದೆ; 2008ರಲ್ಲಿ ಲಿನಕ್ಸ್ ವ್ಯವಸ್ಥೆಗೆ ಸೇರಿದ ಒಂದು ಏರ್ಪಾಡಿನಿಂದ ಪ್ರತಿ ಬಿಡಾರದ ಯಜಮಾನನೂ ತಾನೇ ಒಂದನೆಯ ಸಂಖ್ಯೆಯೆಂದು ತಿಳಿಯುವಂತಾಯಿತು. 2013ರಲ್ಲಿ ಡಾಕರ್ ಎಂಬ ಸಲಕರಣೆ ಬಂದಮೇಲೆ ಇಂಥ ಬಿಡಾರಗಳನ್ನು ಹೂಡುವುದೂ ಕೀಳುವುದೂ ಕ್ಷಣಗಳ ಕೆಲಸವಾಗಿ, ಜಗತ್ತೆಲ್ಲ ವಠಾರಮಯವಾಯಿತು.

ಇನ್ನು ಮುಖ್ಯ ವಿಷಯ. ಕಪಾಟಿನಲ್ಲಿರುವ ಪುಸ್ತಕ ಬೇರೆ, ಅದನ್ನು ಓದುತ್ತಿರುವ ಮನಸ್ಸು ಬೇರೆ. ಪುಸ್ತಕವನ್ನು ನಕಲು ಮಾಡುವುದು ಸುಲಭ. ಓದುಗ ಯಾವ ಪುಟದಲ್ಲಿದ್ದಾನೆ, ಯಾವ ಪಾತ್ರದ ಮೇಲೆ ಅನುಮಾನ ತಾಳಿದ್ದಾನೆ, ಪುಟದಂಚಿನಲ್ಲಿ ಏನು ಗೀಚಿದ್ದಾನೆ, ಬಾಗಿಲು ತಟ್ಟಿದವರಿಗೆ "ಇಗೋ ಬಂದೆ" ಎಂದು ಮಾತು ಕೊಟ್ಟಿದ್ದಾನೆಯೇ, ಇವೆಲ್ಲವನ್ನೂ ಸೇರಿಸಿ ಎತ್ತಿಡುವುದು ಕಷ್ಟ. ಪ್ರೋಗ್ರಾಮೂ ಹಾಗೆಯೇ. ತಟ್ಟೆಯ ಮೇಲೆ ಬರೆದಿಟ್ಟ ಆಜ್ಞೆಗಳ ಪಟ್ಟಿ ಒಂದು. ಅದು ಓಡುತ್ತಿರುವಾಗ ಯಂತ್ರದ ಸ್ಮೃತಿಯಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಸ್ಥಿತಿ ಮತ್ತೊಂದು. ವಿದ್ಯುತ್ತು ಹೋದರೆ ಪಟ್ಟಿ ಉಳಿಯುತ್ತದೆ, ಸ್ಥಿತಿ ಅಳಿಯುತ್ತದೆ. ಈ ಸ್ಥಿತಿಯನ್ನು ಓಡುತ್ತಿರುವಂತೆಯೇ ಹಿಡಿದು ಕಡತವಾಗಿಸುವುದು, ಆಮೇಲೆ ಬೇಕೆಂದಾಗ ಬೇಕೆಂದಲ್ಲಿ ಆ ಕಡತದಿಂದ ಎಬ್ಬಿಸಿ ನಿಂತಲ್ಲಿಂದ ಮುಂದಕ್ಕೆ ಓಡಿಸುವುದು, ಇದೇ ಊಟದ ನಡುವೆ ಕೇಳಿಬಂದ ಆ ವಾಕ್ಯದ ಅರ್ಥ.

ಈ ಬಯಕೆ ಹೊಸದಲ್ಲ. ದಿನಗಟ್ಟಲೆ ನಡೆಯುವ ಲೆಕ್ಕಗಳು ನಡುವೆ ಕೆಟ್ಟರೆ ಮೊದಲಿನಿಂದ ತೊಡಗಬೇಕಾದ ಸಂಕಟ ಗಣಕಗಳಷ್ಟೇ ಹಳೆಯದು. ಎಷ್ಟು ಹೊತ್ತಿಗೊಮ್ಮೆ ಸ್ಥಿತಿಯನ್ನು ಉಳಿಸಿಡಬೇಕೆಂಬುದಕ್ಕೆ 1974ರಲ್ಲಿಯೇ ಜಾನ್ ಯಂಗ್ ಎಂಬವರು ಒಂದು ಸರಳ ಸೂತ್ರವನ್ನು ಕೊಟ್ಟರು. ಉಳಿಸಿಡಲು ತಗಲುವ ಕಾಲವನ್ನು, ಯಂತ್ರ ಸರಾಸರಿ ಎಷ್ಟು ಕಾಲಕ್ಕೊಮ್ಮೆ ಕೆಡುತ್ತದೆಯೋ ಅದರಿಂದ ಗುಣಿಸಿ, ಇಮ್ಮಡಿಸಿ, ವರ್ಗಮೂಲ ತೆಗೆಯಬೇಕು. ಉಳಿಸಲು ಆರು ನಿಮಿಷ, ಅಂದರೆ ಗಂಟೆಯ ಹತ್ತನೆಯ ಒಂದು ಪಾಲು ಬೇಕು, ಯಂತ್ರ 20 ಗಂಟೆಗೊಮ್ಮೆ ಕೆಡುತ್ತದೆ ಎನ್ನಿ. ಗುಣಿಸಿದರೆ ಎರಡು, ಇಮ್ಮಡಿಸಿದರೆ ನಾಲ್ಕು, ವರ್ಗಮೂಲ ಎರಡು. ಎರಡು ಗಂಟೆಗೊಮ್ಮೆ ಉಳಿಸಿ. ಪದೇಪದೇ ಉಳಿಸುವ ಪುಕ್ಕಲನೂ ಎಂದೂ ಉಳಿಸದ ಧೈರ್ಯಶಾಲಿಯೂ ಒಂದೇ ಬಗೆಯಲ್ಲಿ ನಷ್ಟಪಡುತ್ತಾರೆಂದು ಈ ಸೂತ್ರ ತೋರಿಸುತ್ತದೆ. ಬರಹಗಾರರಿಗೂ ಇದು ಅನ್ವಯಿಸೀತು.

ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಹಾಗಣಕಗಳಲ್ಲಿ, 2022ರಲ್ಲಿ ಅಲ್ಲಿ ನೆಲೆಗೊಂಡ ಪರಮ್ ಪ್ರವೇಗದಂಥವುಗಳಲ್ಲಿ, ಹವಾಮಾನದ್ದೋ ಅಣುರಚನೆಯದ್ದೋ ದೀರ್ಘ ಲೆಕ್ಕ ಮಾಡುವವರಿಗೆ ಈ ಚಿಂತೆ ನಿತ್ಯದ್ದು. ಅಲ್ಲಿಯ ಸತೀಶ್ ವಡಿಯಾರ್ ಅವರು ಜ್ಯಾಕ್ ಡೊಂಗಾರ ಅವರೊಡನೆ 2003ರಲ್ಲಿ ಪ್ರಕಟಿಸಿದ ಒಂದು ವ್ಯವಸ್ಥೆ, ಹಲವು ಯಂತ್ರಗಳಲ್ಲಿ ಹಂಚಿಹೋದ ಲೆಕ್ಕವನ್ನು ನಿಲ್ಲಿಸಿ, ಬೇರೆಷ್ಟೋ ಯಂತ್ರಗಳ ಮೇಲೆ ಮರಳಿ ಹೂಡುವುದಕ್ಕಾಗಿಯೇ ಹುಟ್ಟಿದ್ದು. ಇಂಥ ಕ್ರಮಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ಲೆಕ್ಕ ಬರೆದವನೇ ತೀರ್ಮಾನಿಸಿ ಹೇಳುತ್ತಾನೆ. ಅವಧಾನಿಯೂ ಮಾಡುವುದು ಅದನ್ನೇ. ಅವನು ಸಭೆಯ ಕೆಮ್ಮು, ಗದ್ದಲ, ಪೃಚ್ಛಕರ ಶಾಲಿನ ಬಣ್ಣ ಇವನ್ನೆಲ್ಲ ನೆನಪಿಡುವುದಿಲ್ಲ. ಛಂದಸ್ಸು, ಪ್ರಾಸ, ವಸ್ತು, ನಿಂತ ಅಕ್ಷರ ಇಷ್ಟನ್ನು ಹಿಡಿದರೆ ಉಳಿದುದು ತಾನಾಗಿ ಬಂದು ಕೂಡಿಕೊಳ್ಳುತ್ತದೆ. ಅರ್ಥ ಬಲ್ಲವನ ಗಂಟು ಸಣ್ಣದು.

ಆದರೆ ಪ್ರೋಗ್ರಾಮಿನ ಒಳಗುಟ್ಟು ತಿಳಿಯದ ಮೂರನೆಯವನು, ಅದಕ್ಕೆ ಹೇಳದೆ ಕೇಳದೆ ಅದನ್ನು ನಿಲ್ಲಿಸಿ ಎತ್ತಿಡಬೇಕೆಂದರೆ? 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರು ಕಾಂಡರ್ ಎಂಬ ವ್ಯವಸ್ಥೆಯನ್ನು ಲೋಕದ ಮುಂದಿಟ್ಟರು. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಗಣಕಗಳನ್ನು ಹುಡುಕಿ ಅವುಗಳಿಗೆ ಲೆಕ್ಕ ಹಚ್ಚುವುದು, ಯಂತ್ರದ ಒಡೆಯ ಹಿಂದಿರುಗಿದೊಡನೆ ಲೆಕ್ಕವನ್ನು ಕಟ್ಟಿಕೊಂಡು ಮತ್ತೊಂದು ಖಾಲಿ ಯಂತ್ರಕ್ಕೆ ಹೊರಡುವುದು. ಮನೆಯವರು ಊರಿಗೆ ಹೋದಾಗ ಜಗಲಿಯಲ್ಲಿ ಮಲಗುವ ದಾರಿಗನಂತೆ. ಆದರೂ ಅದಕ್ಕೆಂದು ಪ್ರೋಗ್ರಾಮನ್ನು ಮೊದಲೇ ಸಿದ್ಧಗೊಳಿಸಿರಬೇಕಿತ್ತು. ಸಿದ್ಧತೆಯೇ ಇಲ್ಲದ ಪ್ರೋಗ್ರಾಮನ್ನು ಹಿಡಿಯಬೇಕಾದರೆ ಕರ್ನೆಲಿನ ನೆರವು ಬೇಕು. ಕರ್ನೆಲ್ ಎಂದರೆ ಗರ್ಭಗುಡಿಯೆನ್ನಿ. ಪ್ರೋಗ್ರಾಮುಗಳೆಲ್ಲ ನವರಂಗದಲ್ಲಿ ನಿಂತು ಅರ್ಚಕರ ಮೂಲಕವೇ ಒಳಗಿನ ಕೆಲಸ ಮಾಡಿಸಿಕೊಳ್ಳಬೇಕು. ಪೂರ್ತಿ ಕೆಲಸವನ್ನು ಗರ್ಭಗುಡಿಯೊಳಗೇ ಮಾಡೋಣವೆಂದು ಹೊರಟ ಪ್ರಯತ್ನವೊಂದು 2008ರಿಂದಾಚೆಗೆ ನಡೆಯಿತು; ಅದಕ್ಕಾಗಿ ಗರ್ಭಗುಡಿಯ ಎಷ್ಟೋ ಕಲ್ಲುಗಳನ್ನು ಕದಲಿಸಬೇಕಾಗಿ ಬಂದು, ಲಿನಕ್ಸಿನ ಹಿರಿಯರು ಒಪ್ಪಲಿಲ್ಲ.

2011ರಲ್ಲಿ ಪಾವೆಲ್ ಎಮೆಲ್ಯಾನೋವ್ ಎಂಬ ರಷ್ಯದ ತಂತ್ರಜ್ಞ ಬೇರೊಂದು ದಾರಿ ಹಿಡಿದರು. ಕೆಲಸದ ಬಹುಭಾಗವನ್ನು ನವರಂಗದಲ್ಲಿಯೇ ಮಾಡುವುದು, ಒಳಗಿನವರನ್ನು ಅಲ್ಲೊಂದು ಇಲ್ಲೊಂದು ಸಣ್ಣ ಉಪಕಾರವನ್ನಷ್ಟೇ ಕೇಳುವುದು. ಈ ಯೋಜನೆಯ ಹೆಸರು ಕ್ರಿಯು. ನಮ್ಮ ಕಿವಿಗೆ ಅದು ಕ್ರಿಯೆಯೆಂದೇ ಕೇಳಿಸುತ್ತದೆ. 2012ರ ಜನವರಿಯಲ್ಲಿ ಇದರ ಮೊದಲ ತುಣುಕುಗಳನ್ನು ಲಿನಕ್ಸಿಗೆ ಸೇರಿಸುವಾಗ ಆಂಡ್ರೂ ಮಾರ್ಟನ್ ಎಂಬ ಹಿರಿಯರು, ಇದು ಯಾರೋ ಹುಚ್ಚು ರಷ್ಯನರ ಸಾಹಸ, ಕೊನೆಗೆ ಕೆಲಸಕ್ಕೆ ಬಂದೀತೆಂದು ಅವರಿಗಿರುವಷ್ಟು ನಂಬಿಕೆ ತಮಗಿಲ್ಲ ಎಂಬರ್ಥದ ಟಿಪ್ಪಣಿಯನ್ನು ಬರೆದೇ ಸೇರಿಸಿದರು. ಅನುಮಾನವನ್ನು ಮುಚ್ಚಿಡದೆ, ಅವಕಾಶವನ್ನೂ ತಪ್ಪಿಸದೆ ನಡೆದುಕೊಂಡ ಈ ರೀತಿ ನನಗೆ ಬಹಳ ಹಿಡಿಸಿತು. 2013ರ ಕೊನೆಗೆ ಕ್ರಿಯುವಿನ ಮೊದಲ ಪೂರ್ಣ ಆವೃತ್ತಿ ಹೊರಬಂದಿತು.

ಅದು ಕೆಲಸ ಮಾಡುವ ಬಗೆ ಕಥೆಯಂತಿದೆ. ಮೊದಲು ಕಂಟೇನರಿನೊಳಗಿನ ಪ್ರತಿಯೊಂದು ಪ್ರೋಗ್ರಾಮನ್ನೂ ಇದ್ದಲ್ಲಿಯೇ ಸ್ತಂಭನಗೊಳಿಸುತ್ತಾರೆ. ಎತ್ತಿದ ಕೈ ಎತ್ತಿದಂತೆಯೇ ಇರುತ್ತದೆ. ಯಾವ ಕಡತಗಳು ತೆರೆದಿವೆ, ಸ್ಮೃತಿಯ ಯಾವ ಭಾಗಗಳು ಬಳಕೆಯಲ್ಲಿವೆ ಎಂಬ ಪಟ್ಟಿಯನ್ನು ವ್ಯವಸ್ಥೆಯೇ ಕೊಡುತ್ತದೆ. ಆದರೆ ಕೆಲವು ಸಂಗತಿಗಳು ಆ ಪ್ರೋಗ್ರಾಮಿನ ಬಾಯಿಂದಲೇ ಬರಬೇಕು. ಆಗ ಅದರ ಸ್ಮೃತಿಯೊಳಕ್ಕೆ ಕಿರಿದಾದ ಒಂದು ಆಜ್ಞಾಗುಚ್ಛವನ್ನು ನೆಡುತ್ತಾರೆ. ಮಾವಿನ ಮರದ ಮೇಲೆ ಬೆಳೆಯುವ ಬಂದಳಿಕೆಯನ್ನು ನೋಡಿದ್ದೀರಷ್ಟೆ? ಇದನ್ನೂ ಅವರು ಪರಾವಲಂಬಿಯೆಂದೇ ಕರೆಯುತ್ತಾರೆ. ಅದು ಒಳಗಿನಿಂದ ಪುಟಪುಟವಾಗಿ ಸ್ಮೃತಿಯನ್ನು ಹೊರಕ್ಕೆ ಸಾಗಿಸಿ, ಕೆಲಸ ಮುಗಿದೊಡನೆ ಬೇರುಸಹಿತ ಕಿತ್ತುಬರುತ್ತದೆ. ನಿಜವಾದ ಬಂದಳಿಕೆಗೆ ಇಷ್ಟು ಸೌಜನ್ಯವಿಲ್ಲ. ಮೈಮೇಲೆ ಏನೋ ಬಂದು ಹೋದದ್ದು ಪ್ರೋಗ್ರಾಮಿಗೆ ತಿಳಿಯುವುದೇ ಇಲ್ಲ.

ಎಬ್ಬಿಸುವ ಕೆಲಸ ಇನ್ನೂ ವಿಚಿತ್ರ. ಹೊಸ ಯಂತ್ರದಲ್ಲಿ ಕ್ರಿಯು ಒಂದು ಪ್ರೋಗ್ರಾಮಾಗಿ ಓಡುತ್ತ, ತಾನೇ ಆ ಹಳೆಯ ಪ್ರೋಗ್ರಾಮಾಗಿ ಮಾರ್ಪಡಬೇಕು. ಅದರ ಕಡತಗಳನ್ನು ತಾನು ತೆರೆಯುತ್ತದೆ, ಅದು ಎಲ್ಲಿಯವರೆಗೆ ಓದಿತ್ತೋ ಅಲ್ಲಿಗೇ ಬೆರಳಿಡುತ್ತದೆ, ಅದರ ಮಕ್ಕಳನ್ನು ತಾನು ಹಡೆಯುತ್ತದೆ. ಕಡೆಗೆ ತನ್ನ ಸ್ವಂತ ಸ್ಮೃತಿಯನ್ನೆಲ್ಲ ಕಳಚಿ ಆ ಜಾಗದಲ್ಲಿ ಅದರ ಸ್ಮೃತಿಯನ್ನು ತುಂಬಬೇಕು. ಕಾಳಿದಾಸನು ಕುಳಿತ ಕೊಂಬೆಯನ್ನೇ ಕಡಿದನೆಂಬ ಐತಿಹ್ಯದಂತೆ, ಕಳಚುವ ಆಜ್ಞೆಯೇ ಕಳಚಿಹೋದರೆ ಮುಂದಿನದನ್ನು ಮಾಡುವವರು ಯಾರು? ಅದಕ್ಕಾಗಿ ಹಳೆಯದರಲ್ಲಿಯೂ ಹೊಸದರಲ್ಲಿಯೂ ಬಳಕೆಯಲ್ಲಿಲ್ಲದ ಒಂದು ಸಂದಿಯನ್ನು ಹುಡುಕಿ, ಅಲ್ಲಿ ಚಿಕ್ಕದೊಂದು ಆಜ್ಞಾಗುಚ್ಛವನ್ನು ಕೂರಿಸುತ್ತಾರೆ. ಆ ಸಂದಿಯಲ್ಲಿ ನಿಂತುಕೊಂಡು ಅದು ಉಳಿದುದನ್ನೆಲ್ಲ ಕೆಡವಿ ಕಟ್ಟಿ, ಕೊನೆಯ ಒಂದು ನೆಗೆತದಲ್ಲಿ ಹಳೆಯ ಪ್ರೋಗ್ರಾಮು ನಿಂತಿದ್ದ ಆಜ್ಞೆಗೇ ಹೋಗಿ ಇಳಿಯುತ್ತದೆ. ಎತ್ತಿದ ಕೈ ಕೆಳಗಿಳಿಯುತ್ತದೆ.

ಇಷ್ಟಾದರೂ ಇದು ಸುಲಭದ ಭಾಗವೆಂದೇ ಹೇಳಬೇಕು. ಒಳಗಿನದನ್ನು ಎತ್ತಿಡಬಹುದು. ಹೊರಗಿನ ಲೋಕದೊಡನೆ ಇಟ್ಟುಕೊಂಡ ಸಂಬಂಧಗಳ ಪಾಡೇನು? ಕ್ರಿಯುವಿನ ಚರಿತ್ರೆಯ ಅರ್ಧಕ್ಕರ್ಧ ಈ ಒಂದು ಪ್ರಶ್ನೆಯೊಡನೆ ನಡೆಸಿದ ಸೆಣಸಾಟ.

ಮಾತುಕತೆಯನ್ನೇ ತೆಗೆದುಕೊಳ್ಳೋಣ. ಜಾಲದ ಮೇಲೆ ಎರಡು ಪ್ರೋಗ್ರಾಮುಗಳು ಮಾತಾಡುವಾಗ ಇಬ್ಬರೂ ಅಕ್ಷರಗಳನ್ನು ಎಣಿಸುತ್ತಿರುತ್ತಾರೆ. ಇಷ್ಟನೆಯ ಅಕ್ಷರದವರೆಗೆ ಬಂದು ತಲುಪಿತು ಎಂದು ಈಚೆಯವರು ತಿಳಿಸಬೇಕು. ತಿಳಿಸದಿದ್ದರೆ ಆಚೆಯವರು ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಈಚೆಯ ಪ್ರೋಗ್ರಾಮು ಇಲ್ಲವಾದರೆ ಅದರ ಯಂತ್ರ, "ಇಲ್ಲಿ ಯಾರೂ ಇಲ್ಲ" ಎಂದು ಖಂಡಿತವಾಗಿ ಹೇಳಿಬಿಡುತ್ತದೆ, ಅಲ್ಲಿಗೆ ಸಂಬಂಧ ಕಡಿಯಿತು. ಇದನ್ನು ತಪ್ಪಿಸಲು 2012ರಲ್ಲಿ ಲಿನಕ್ಸಿಗೆ ಒಂದು ಏರ್ಪಾಡನ್ನು ಸೇರಿಸಿದರು. ಎಣಿಕೆ ಎಲ್ಲಿಗೆ ನಿಂತಿದೆಯೆಂಬುದನ್ನು ಬರೆದುಕೊಂಡು, ಸದ್ದಿಲ್ಲದೆ ಕದ ಮುಚ್ಚಿ, ಹೊಸ ಯಂತ್ರದಲ್ಲಿ ಅದೇ ವಿಳಾಸದಿಂದ ಅದೇ ಎಣಿಕೆಯೊಡನೆ ಸದ್ದಿಲ್ಲದೆ ಕದ ತೆರೆಯುವುದು. ನಡುವಣ ಹೊತ್ತಿನಲ್ಲಿ ಬಂದ ಸಂದೇಶಗಳನ್ನು ಬಾಗಿಲಲ್ಲಿಯೇ ತಡೆಹಿಡಿದು ಉತ್ತರ ಹೋಗದಂತೆ ನೋಡಿಕೊಳ್ಳುತ್ತಾರೆ. ಆಚೆಯವರು, ಈಚೆಯವರಿಗೆ ಕೊಂಚ ಮಂದವೆಂದುಕೊಂಡು ಮತ್ತೊಮ್ಮೆ ಹೇಳುತ್ತಾರೆ. ಅವರ ತಾಳ್ಮೆಗೂ ಮಿತಿಯುಂಟು. ಲಿನಕ್ಸಿನ ವಾಡಿಕೆಯ ಏರ್ಪಾಡಿನಲ್ಲಿ ಅದು ಸುಮಾರು 15 ನಿಮಿಷ. ಬಾನುಲಿಯ ಶ್ರೋತೃಗಳ ತಾಳ್ಮೆಗೆ ಹೋಲಿಸಿದರೆ ಇದು ಔದಾರ್ಯವೇ ಸರಿ. ನಾನಿಲ್ಲಿ ಅರ್ಧ ನಿಮಿಷ ಸುಮ್ಮನಾದರೆ ನೀವು ಗುಂಡಿ ತಿರುಗಿಸಿರುತ್ತೀರಿ.

ಮುಚುಕುಂದನ ಕಥೆ ನೆನಪಿರಬಹುದು. ದೇವತೆಗಳಿಗಾಗಿ ಹೋರಾಡಿ ಬಳಲಿ ಗುಹೆಯಲ್ಲಿ ಮಲಗಿದವನು ಯುಗಗಳು ಉರುಳಿದಮೇಲೆ ಎದ್ದು ಹೊರಬಂದಾಗ ಮನುಷ್ಯರೂ ಮರಗಳೂ ಕುಬ್ಜವಾಗಿ ಕಂಡವು. ಎಬ್ಬಿಸಿದ ಪ್ರೋಗ್ರಾಮಿನ ಗತಿಯೂ ಅದೇ. ಯಂತ್ರ ಹೊತ್ತಿಸಿದಂದಿನಿಂದ ಎಷ್ಟು ಹೊತ್ತಾಯಿತೆಂದು ಎಣಿಸುವ ಗಡಿಯಾರವೊಂದಿರುತ್ತದೆ. ಅದು ಹಿಂದಕ್ಕೆ ಹೋಗಲಾರದೆಂಬ ನಂಬಿಕೆಯ ಮೇಲೆ ಪ್ರೋಗ್ರಾಮುಗಳು ನಡೆಯುತ್ತವೆ. ನೂರು ದಿನ ಓಡಿದ ಯಂತ್ರದಿಂದ ನಿನ್ನೆ ಹೊತ್ತಿಸಿದ ಯಂತ್ರಕ್ಕೆ ಬಂದರೆ ಕಾಲ ಹಿಂದಕ್ಕೆ ಹರಿದಂತಾಯಿತಲ್ಲ! 2020ರಲ್ಲಿ ಪ್ರತಿ ಕಂಟೇನರಿಗೂ ತನ್ನದೇ ಆದ ಇಂಥ ಗಡಿಯಾರವನ್ನು ಕೊಡುವ ಏರ್ಪಾಡು ಬಂದು, ಈ ತೊಡಕು ಪರಿಹಾರವಾಯಿತು. ಆದರೆ ಪಂಚಾಂಗದ ದಿನವನ್ನು ಯಾರೂ ಬಚ್ಚಿಡುವುದಿಲ್ಲ. ಒಂದು ವಾರ ಮಲಗಿ ಎದ್ದ ಪ್ರೋಗ್ರಾಮು ತನ್ನ ಕೈಯಲ್ಲಿರುವ ರಹದಾರಿಗಳ ಅವಧಿ ಮುಗಿದಿದೆಯೆಂಬುದನ್ನು ಬಾಗಿಲಲ್ಲಿ ತಡೆದಾಗಲೇ ಅರಿಯುತ್ತದೆ.

ಶಂಕರಪುರದ ಮಠಕ್ಕೆ ಹೋಗಿಬರುವವರಿಗೆ ಪರಕಾಯಪ್ರವೇಶದ ಕಥೆ ಗೊತ್ತೇ ಇದೆ. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕಾಗ ರಾಜ ಇದ್ದಕ್ಕಿದ್ದಂತೆ ಜ್ಞಾನಿಯಾದದ್ದನ್ನು ಕಂಡು ಮಂತ್ರಿಗಳಿಗೆ ಅನುಮಾನ ಬಂತಂತೆ. ಯಂತ್ರಗಳಲ್ಲಿ ಹೊಕ್ಕವನೇ ತಬ್ಬಿಬ್ಬಾಗುತ್ತಾನೆ. ಓಡಲು ತೊಡಗುವಾಗಲೇ ಪ್ರೊಸೆಸರಿನ ವಿಶೇಷ ಶಕ್ತಿಗಳೇನೆಂದು ವಿಚಾರಿಸಿಕೊಂಡು ಅದಕ್ಕೆ ತಕ್ಕ ಹಾದಿ ಹಿಡಿದ ಪ್ರೋಗ್ರಾಮನ್ನು, ಆ ಶಕ್ತಿ ಇಲ್ಲದ ಹಳೆಯ ಯಂತ್ರದಲ್ಲಿ ಎಬ್ಬಿಸಿದರೆ ಅದು ಇಲ್ಲದ ಕೈಯನ್ನು ಎತ್ತಲು ಹೋಗಿ ಬೀಳುತ್ತದೆ.

ಇಷ್ಟು ಪಾಡೇಕೆ ಎಂದರೆ ಲಾಭವೂ ದೊಡ್ಡದು. ಯಂತ್ರವೊಂದನ್ನು ದುರಸ್ತಿಗೆ ತೆಗೆಯಬೇಕಾದಾಗ ಅದರ ಮೇಲಿನ ಕೆಲಸಗಳನ್ನು ಕೊಲ್ಲದೆ ಸ್ಥಳಾಂತರಿಸಬಹುದು. ಮನೆ ಬದಲಾಯಿಸುವವರು ಅಟ್ಟದ ಸಾಮಾನನ್ನು ಮೊದಲು ಸಾಗಿಸಿ, ಒಲೆಯನ್ನು ಕಡೆಯ ಗಾಡಿಗೆ ಉಳಿಸಿಕೊಳ್ಳುವಂತೆ, ಪ್ರೋಗ್ರಾಮು ಓಡುತ್ತಿರುವಾಗಲೇ ಸ್ಮೃತಿಯ ಪುಟಗಳನ್ನು ಕಳಿಸುತ್ತ, ಅಷ್ಟರಲ್ಲಿ ತಿದ್ದಿದ ಪುಟಗಳನ್ನು ಮಾತ್ರ ಮತ್ತೆ ಕಳಿಸುತ್ತ, ನಿಲ್ಲಿಸುವ ಕ್ಷಣವನ್ನು ಅತ್ಯಲ್ಪಕ್ಕೆ ಇಳಿಸುತ್ತಾರೆ. 2005ರಲ್ಲಿ ಕೇಂಬ್ರಿಜಿನವರು ಕೆಲವರು ಇಡೀ ಕೃತಕ ಯಂತ್ರವೊಂದನ್ನು ಹೀಗೆ ಸಾಗಿಸಿದಾಗ, ಅದರ ಮೇಲೆ ನಡೆಯುತ್ತಿದ್ದ ಒಂದು ಗುಂಡಿನ ಕಾಳಗದ ಆಟ ನಿಂತದ್ದು 60 ಮಿಲಿಸೆಕೆಂಡು ಮಾತ್ರ. ಕಣ್ಣೆವೆ ಇಕ್ಕುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಈಗ ನನ್ನನ್ನು ಕಾಡುವ ಸಂಗತಿಗೆ ಬರುತ್ತೇನೆ. ಅವಧಾನಿಗೆ ಅರ್ಥ ಗೊತ್ತು, ಆದ್ದರಿಂದ ಅವನು ಆಯ್ದು ಉಳಿಸುತ್ತಾನೆ. ಕ್ರಿಯುವಿಗೆ ಅರ್ಥ ಗೊತ್ತಿಲ್ಲ. ಯಾವ ಅಕ್ಷರ ಮುಖ್ಯ, ಯಾವುದು ಕಸ ಎಂದು ಅದು ಅರಿಯದು; ಆದ್ದರಿಂದ ಎಲ್ಲವನ್ನೂ ಎತ್ತಿಡುತ್ತದೆ. ಆ ಎಲ್ಲದರಲ್ಲಿ ಯಾರು ಯಾರ ಬದುಕೆಲ್ಲ ಸಿಕ್ಕಿಬಿದ್ದಿರುತ್ತದೆಂಬುದನ್ನು ಯೋಚಿಸಿ. ಬ್ಯಾಂಕಿನ ಪ್ರೋಗ್ರಾಮಿನ ಸ್ಮೃತಿಯಲ್ಲಿ ಆ ಗಳಿಗೆಗೆ ಲೆಕ್ಕ ನೋಡುತ್ತಿದ್ದವರ ಹೆಸರುಗಳಿರುತ್ತವೆ. ಆಸ್ಪತ್ರೆಯ ಪ್ರೋಗ್ರಾಮಿನಲ್ಲಿ ರೋಗಿಯ ವಿವರವಿರುತ್ತದೆ. ಹೊರಗೆ ಬೀಗ ಹಾಕಿ ಗೂಢಲಿಪಿಯಲ್ಲಿ ಇಟ್ಟಿದ್ದ ಕಾಗದ ಒಳಗೆ ಓದಲೆಂದು ಬಿಚ್ಚಿರುತ್ತದೆ. ಬೀಗದ ಕೈಯೂ ಪಕ್ಕದಲ್ಲಿಯೇ ಇರುತ್ತದೆ. ವಠಾರದಲ್ಲಿ ಒಂದು ಬಿಡಾರದ ಬಾಗಿಲನ್ನು, ಮನೆಯವರಿಗೆ ತಿಳಿಯದಂತೆ ತೆಗೆದು, ಒಲೆಯ ಮೇಲಿನ ಪಾತ್ರೆಯಿಂದ ಹಿಡಿದು ದಿಂಬಿನ ಕೆಳಗಿನ ಪತ್ರದವರೆಗೆ ಎಲ್ಲದರ ಅಚ್ಚು ತೆಗೆದಂತೆ ಇದು.

ಅಚ್ಚು ತೆಗೆಯುವುದೇ ಉದ್ದೇಶವಾದ ಪ್ರಸಂಗಗಳೂ ಉಂಟು. ಸಾವಿರಾರು ಕಂಟೇನರುಗಳನ್ನು ನಿರ್ವಹಿಸಲು ಜಗತ್ತಿನ ತುಂಬ ಬಳಕೆಯಲ್ಲಿರುವ ಕುಬರ್ನೆಟೀಸ್ ವ್ಯವಸ್ಥೆಗೆ 2022ರಲ್ಲಿ ಈ ಶಕ್ತಿಯನ್ನು ಪ್ರಾಯೋಗಿಕವಾಗಿ ಸೇರಿಸಿದಾಗ ಕೊಟ್ಟ ಕಾರಣ ಅಪರಾಧ ತನಿಖೆ. ಕಳ್ಳ ಹೊಕ್ಕಿದ್ದಾನೆಂಬ ಅನುಮಾನ ಬಂದ ಕಂಟೇನರನ್ನು ಅದಕ್ಕೂ ಕಳ್ಳನಿಗೂ ತಿಳಿಯದಂತೆ ನಕಲು ಮಾಡಿ, ಮೂಲವನ್ನು ಓಡುತ್ತಿರಲು ಬಿಟ್ಟು, ನಕಲನ್ನು ಬೇರೆಡೆ ಎಬ್ಬಿಸಿ ಪರೀಕ್ಷಿಸುವುದು. ಉದ್ದೇಶ ಒಳ್ಳೆಯದೇ. ನಕಲಿನ ಕಡತವನ್ನು ಆ ಯಂತ್ರದ ಮೇಲಧಿಕಾರಿಯಲ್ಲದೆ ಬೇರೆಯವರು ತೆರೆಯದಂತೆಯೂ ಮಾಡಿದ್ದಾರೆ. ಆದರೆ ಅಲ್ಲಿ ಸಿಕ್ಕುವುದು ಕಳ್ಳನೊಬ್ಬನೇ ಅಲ್ಲ. ಅದೇ ಹೊತ್ತಿಗೆ ಆ ಅಂಗಡಿಗೆ ಬಂದಿದ್ದ ಗಿರಾಕಿಗಳೂ ಅಚ್ಚಿನಲ್ಲಿ ಸೇರಿಹೋಗಿರುತ್ತಾರೆ.

ಒಂದೇ ಅಚ್ಚಿನಿಂದ ಇಬ್ಬರನ್ನು ಎಬ್ಬಿಸಬಹುದೆಂಬುದು ಮತ್ತೊಂದು ತೊಡಕು. ಗುಟ್ಟಿನ ಸಂಖ್ಯೆಗಳನ್ನು ಹುಟ್ಟಿಸಲು ಪ್ರೋಗ್ರಾಮಿನೊಳಗೆ ಒಂದು ಬೀಜವಿರುತ್ತದೆ. ಬೀಜ ಬಿತ್ತಿದಮೇಲೆ ಅಚ್ಚು ತೆಗೆದಿದ್ದರೆ, ಎದ್ದುಬಂದ ಅವಳಿಗಳು, ಯಾರೂ ಊಹಿಸಲಾರದೆಂದು ನಂಬಿದ ಸಂಖ್ಯೆಯನ್ನು, ಒಂದೇ ಉಸಿರಿನಲ್ಲಿ ಒಂದೇ ಆಗಿ ಹೇಳಿಬಿಡುತ್ತವೆ. ಪ್ರೋಗ್ರಾಮುಗಳನ್ನು ಬೇಗ ಹೊತ್ತಿಸಲೆಂದು ಅಮೆಜಾನ್ ಸಂಸ್ಥೆ 2022ರ ನವೆಂಬರಿನಲ್ಲಿ ಇದೇ ಜಾತಿಯ ಏರ್ಪಾಡನ್ನು ಮಾರುಕಟ್ಟೆಗೆ ತಂದಾಗ, ಈ ಅಪಾಯವನ್ನು ಕುರಿತು ಪ್ರೋಗ್ರಾಮು ಬರೆಯುವವರನ್ನು ಎಚ್ಚರಿಸಬೇಕಾಯಿತು. ಅವಧಾನಿ ಎಷ್ಟೇ ಸಮರ್ಥನಾಗಿರಲಿ, ಎರಡು ಸಭೆಗಳಲ್ಲಿ ಒಮ್ಮೆಗೇ ಎದ್ದು ನಿಲ್ಲಲಾರ. ಆ ಅಸಾಮರ್ಥ್ಯ ಎಷ್ಟು ದೊಡ್ಡ ರಕ್ಷೆಯೆಂದು ನಾವು ಎಣಿಸಿರಲೇ ಇಲ್ಲ.

ಮರೆಯುವುದರ ಮಾತೂ ಇದೆ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಉದ್ದೇಶ ತೀರಿದಮೇಲೆ ವ್ಯಕ್ತಿಯ ವಿವರಗಳನ್ನು ಅಳಿಸಬೇಕೆನ್ನುತ್ತದೆ. ಒಬ್ಬಾಕೆ ತನ್ನ ಹೆಸರನ್ನು ಒಂದು ಕಡೆಯಿಂದ ತೆಗೆಸಿದಳೆನ್ನಿ. ದಫ್ತರಿನಲ್ಲಿ ಅಳಿಸಿದರು, ನಿಜ. ಆದರೆ ಹಿಂದಿನ ಸೋಮವಾರ ಎತ್ತಿಟ್ಟ ಅಚ್ಚಿನಲ್ಲಿ ಆ ಹೆಸರು ಹಾಗೆಯೇ ಇದೆ. ಅಚ್ಚು ಪುಟಗಳ ರಾಶಿಯೇ ಹೊರತು ಹೆಸರುಗಳ ಪಟ್ಟಿಯಲ್ಲ. ಅದರೊಳಗಿಂದ ಒಂದು ಹೆಸರನ್ನು ಹೆಕ್ಕಿ ತೆಗೆಯುವುದು, ಬೇಯಿಸಿದ ಹುಳಿಯಿಂದ ಉಪ್ಪನ್ನು ತೆಗೆದಂತೆ. ಇಟ್ಟರೆ ಪೂರ್ತಿ ಇಡಬೇಕು, ಅಳಿಸಿದರೆ ಪೂರ್ತಿ ಅಳಿಸಬೇಕು. ಅದನ್ನು ಎಬ್ಬಿಸಿದ ದಿನ ಪ್ರೋಗ್ರಾಮು ಆ ಸೋಮವಾರವೇ ಇಂದೆಂದು ತಿಳಿದು, ಆಕೆಯನ್ನು ಹೆಸರು ಹಿಡಿದು ಕರೆಯುತ್ತದೆ.

ನಿಮ್ಮ ಮನೆಯ ಮಗಳೋ ಮೊಮ್ಮಗನೋ ಇಂಥ ಕೆಲಸದಲ್ಲಿದ್ದರೆ ಒಂದು ಮಾತು ಕೇಳಿನೋಡಿ: ಎತ್ತಿಟ್ಟ ಅಚ್ಚುಗಳನ್ನು ಯಾವಾಗ ಅಳಿಸುತ್ತೀರಿ, ಅಳಿಸಬೇಕೆಂದು ನೆನಪಿಸುವವರು ಯಾರು? ಕುಬರ್ನೆಟೀಸಿನಲ್ಲಿ ಈ ಏರ್ಪಾಡು ಬಂದಾಗ, ಅಚ್ಚಿನ ಕಡತಗಳು ಯಂತ್ರದ ಒಂದು ಮೂಲೆಯಲ್ಲಿ ಕೂಡುತ್ತ ಹೋಗುತ್ತಿದ್ದವು. ಯಾರಾದರೂ ಕೈಯಾರೆ ತೆಗೆಯುವವರೆಗೆ ಅವು ಅಲ್ಲಿಯೇ ಇರುತ್ತಿದ್ದವು. ತಟ್ಟೆ ತುಂಬಿಹೋದೀತೆಂಬ ಎಚ್ಚರಿಕೆಯನ್ನು ಮಾತ್ರ ಅದರ ಕೈಪಿಡಿಯಲ್ಲಿ ಬರೆದಿದ್ದರು.